ಮೈ ನಿಧಾನವಾಗುವ ಖಿನ್ನತೆ: ಮೆದುಳಿನ ರಕ್ತಸಂಚಾರ ಅಳೆದ ಚರಿತ್ರೆ

ತೀವ್ರ ಖಿನ್ನತೆ ಅಂದರೆ ಬರೀ ದುಃಖ ಅಂತ ನಾವು ತಿಳಿದಿರುತ್ತೇವೆ. ಅದು ಮೈಯನ್ನೂ ಹಿಡಿಯುತ್ತದೆ. ನಡಿಗೆ ನಿಧಾನ, ದನಿ ಸಣ್ಣದು, ಪ್ರಶ್ನೆ ಕೇಳಿದರೆ ಉತ್ತರ ಬರಲು ಬಹಳ ಹೊತ್ತು. ಮನೆಯವರು ಸೋಮಾರಿತನ ಅಂದುಬಿಡುತ್ತಾರೆ. ಈ ನಿಧಾನದ ಗುರುತು ಮೆದುಳಿನಲ್ಲಿ ಸಿಕ್ಕಿದ್ದು ಹೇಗೆ ಅನ್ನುವುದು ಇವತ್ತಿನ ವಿಷಯ.

ಯೋಚನೆ, ಚಲನೆ ಎರಡನ್ನೂ ಯಾರೋ ತಡೆಹಿಡಿದಂತಾಗುವುದು ಈ ಕಾಯಿಲೆಯ ಮುಖ್ಯ ಲಕ್ಷಣ ಎಂದು ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ 19ನೇ ಶತಮಾನದ ಕೊನೆಗೇ ಬರೆದಿದ್ದರು. ಆದರೆ ಬದುಕಿರುವವರ ಮೆದುಳಿನಲ್ಲಿ ಏನು ನಡೆಯುತ್ತಿದೆ ಎಂದು ಅಳೆಯುವ ದಾರಿ ಆಗ ಇರಲಿಲ್ಲ. 1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ, ಕಾರ್ಲ್ ಶ್ಮಿಟ್ ಒಂದು ದಾರಿ ಕಂಡುಕೊಂಡರು. ನೈಟ್ರಸ್ ಆಕ್ಸೈಡ್ ಅನಿಲ ಉಸಿರಾಡಿಸಿ, ಮೆದುಳಿಗೆ ಹೋಗುವ ರಕ್ತದಲ್ಲಿ ಅದೆಷ್ಟು, ಮರಳಿ ಬರುವ ರಕ್ತದಲ್ಲಿ ಎಷ್ಟು ಅಂತ ಅಳೆದರು. ಆರೋಗ್ಯವಂತರಲ್ಲಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 54 ಮಿಲಿಲೀಟರ್ ರಕ್ತ! ಆದರೆ ಅದು ಇಡೀ ಮೆದುಳಿನ ಸರಾಸರಿ. ಊರಿಗೆ ಬಂದ ನೀರಿನ ಲೆಕ್ಕ ಸಿಕ್ಕಿತು, ಯಾವ ಕೇರಿಗೆ ಕಡಿಮೆ ಅಂತ ತಿಳಿಯಲಿಲ್ಲ. ಕೇರಿಕೇರಿಯ ಲೆಕ್ಕ 1960ರ ದಶಕದಲ್ಲಿ ಶುರುವಾಯಿತು. ಡೆನ್ಮಾರ್ಕಿನ ನೀಲ್ಸ್ ಲಾಸೆನ್, ಸ್ವೀಡನ್ನಿನ ಡೇವಿಡ್ ಇಂಗ್ವಾರ್ ವಿಕಿರಣಶೀಲ ಝೆನಾನ್ ಬಳಸಿ ಅದನ್ನು ಮಾಡಿದರು.

1993ರಲ್ಲಿ ಲಂಡನ್ನಿನ ಬೆಂಚ್, ಡೋಲನ್ ಮತ್ತವರ ತಂಡ ಖಿನ್ನತೆಯಿದ್ದ 40 ಜನರ ಪೆಟ್ ಸ್ಕ್ಯಾನ್ ವರದಿ ಪ್ರಕಟಿಸಿತು. ಚಲನೆಯ ಮಂದತೆ ಮತ್ತು ಕುಗ್ಗಿದ ಮನಸ್ಸು ಹೆಚ್ಚಿದ್ದಷ್ಟೂ ಎಡ ಹಣೆಯ ಹಿಂದಿನ ಒಂದು ಭಾಗದಲ್ಲಿ ರಕ್ತಸಂಚಾರ ಕಡಿಮೆ. ಯೋಜನೆ ಹಾಕಿ ಕೆಲಸ ಶುರುಮಾಡಿಸುವ ಭಾಗ ಅದು. 1995ರಲ್ಲಿ ಚೇತರಿಸಿಕೊಂಡವರನ್ನು ಮತ್ತೆ ನೋಡಿದಾಗ ಅಲ್ಲಿ ರಕ್ತಸಂಚಾರ ಹೆಚ್ಚಿತ್ತು. ಅಂದರೆ ಇದು ಶಾಶ್ವತ ಹಾನಿಯಲ್ಲ.

ಒಂದು ಎಚ್ಚರಿಕೆ. ಇಲ್ಲಿ ರಕ್ತನಾಳ ಕಟ್ಟಿದೆ ಅಂತಲ್ಲ. ಮೆದುಳಿನಲ್ಲಿ ಕೆಲಸ ಇದ್ದಲ್ಲಿಗೆ ರಕ್ತ ಹೋಗುತ್ತದೆ, ಕೆಲಸ ಕುಗ್ಗಿದರೆ ಹರಿವೂ ಕುಗ್ಗುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಅಂತ ಚಿತ್ರವೊಂದೇ ಹೇಳಲಾರದು. ಒಬ್ಬ ರೋಗಿಗೆ ಖಿನ್ನತೆ ಇದೆಯೇ ಅಂತ ಇವತ್ತಿಗೂ ಸ್ಕ್ಯಾನ್ ನೋಡಿ ತೀರ್ಮಾನಿಸುವುದಿಲ್ಲ. ವೈದ್ಯರು ಮಾತಾಡಿಸಿಯೇ ತಿಳಿಯಬೇಕು.

ಗಡಿನಾಡಿನ ನಮಗೆ ಇದು ಮುಖ್ಯವಾಗುವುದು ಇಲ್ಲೇ. ಮಾತಿನ ವೇಗ, ಉತ್ತರಕ್ಕೆ ಹಿಡಿಯುವ ಹೊತ್ತು, ಇವೇ ರೋಗದ ಸುಳಿವು. ಕಾಸರಗೋಡಿನ ಕನ್ನಡದ ಅಜ್ಜಿಯನ್ನು ಮಲಯಾಳದಲ್ಲಿ, ತಾಳವಾಡಿಯ ರೈತನನ್ನು ತಮಿಳಿನಲ್ಲಿ ಕೇಳಿದರೆ, ಉತ್ತರ ತಡವಾದದ್ದು ಕಾಯಿಲೆಯಿಂದಲೋ ಭಾಷೆಯಿಂದಲೋ? ರೋಗಿಯ ಮಾತು ಬಲ್ಲವರೊಬ್ಬರು ಪಕ್ಕದಲ್ಲಿರಬೇಕು ಅನ್ನುವುದು ಬರೀ ಭಾಷಾಭಿಮಾನ ಅಲ್ಲ, ಚಿಕಿತ್ಸೆಯ ಪ್ರಶ್ನೆ. ಚರ್ಚೆಗೆ ಇದನ್ನೇ ಮುಂದಿಡುತ್ತೇನೆ.