ಸೂಫಿ ಸಂತನ ಮಗಳು ಸಮರಕ್ಕೆ ಹೋದದ್ದು

ಯುದ್ಧದ ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕುದುರೆ, ಖಡ್ಗ, ಫಿರಂಗಿ ಮತ್ತು ಗಂಡಸರು. ಕರ್ಬಲಾದ ನಂತರ ಯಝೀದನ ದರ್ಬಾರಿನಲ್ಲಿ ನಿಂತು ಮಾತನಾಡಿದ ಹಜ್ರತ್ ಝೈನಬ್‌ರ ಧೈರ್ಯವನ್ನು ಮೊಹರಮ್ಮಿನ ದಿನಗಳಲ್ಲಿ ನೆನೆಯುವ ನಾವು, ನಮ್ಮ ಕಾಲಕ್ಕೆ ಹತ್ತಿರದವಳಾದ ಒಬ್ಬ ಹೆಣ್ಣುಮಗಳನ್ನು ಅಷ್ಟಾಗಿ ನೆನೆದದ್ದಿಲ್ಲ. ಆಕೆ ನೂರುನ್ನಿಸಾ ಇನಾಯತ್ ಖಾನ್.

ನೂರ್ 1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿದಳು. ತಂದೆ ಬರೋಡಾದ ಸಂಗೀತಗಾರ, ಸೂಫಿ ಗುರು ಹಜ್ರತ್ ಇನಾಯತ್ ಖಾನ್. ತಾಯಿ ಅಮೆರಿಕದ ಓರಾ ರೇ ಬೇಕರ್. ಇನಾಯತ್ ಖಾನರ ತಾಯಿಯ ತಂದೆ ಮೌಲಾಬಕ್ಷ್ ಮೈಸೂರಿನ ಆಸ್ಥಾನದಲ್ಲಿ ಹಾಡಿ ಮನ್ನಣೆ ಪಡೆದವರು. ಅಲ್ಲಿ ಅವರು ಟಿಪ್ಪು ಸುಲ್ತಾನನ ವಂಶದ ಹೆಣ್ಣನ್ನು ಮದುವೆಯಾದರೆಂದು ಕುಟುಂಬದವರು ಹೇಳುತ್ತ ಬಂದಿದ್ದಾರೆ.

ಪ್ಯಾರಿಸ್ ಬಳಿಯ ಮನೆಯಲ್ಲಿ ನೂರ್ ವೀಣೆ ನುಡಿಸುತ್ತ, ಮಕ್ಕಳಿಗೆ ಕಥೆ ಬರೆಯುತ್ತ ಬೆಳೆದಳು. ಆಕೆ ಇಂಗ್ಲಿಷಿನಲ್ಲಿ ನಿರೂಪಿಸಿದ ಜಾತಕ ಕಥೆಗಳು 1939ರಲ್ಲಿ ಪ್ರಕಟವಾದವು. ಮರುವರ್ಷವೇ ಫ್ರಾನ್ಸ್ ಹಿಟ್ಲರನ ವಶವಾಯಿತು. ಕುಟುಂಬ ಇಂಗ್ಲೆಂಡಿಗೆ ಓಡಿತು. ಹಿಂಸೆ ತಪ್ಪೆಂದು ಕಲಿಸಿದ ತಂದೆಯ ಮಕ್ಕಳ ಮುಂದೆ ಆಗ ಕಠಿಣವಾದ ಪ್ರಶ್ನೆಯೊಂದು ನಿಂತಿತು. ಜುಲುಮನ್ನು ಕಂಡೂ ಕೈಕಟ್ಟಿ ಕೂತರೆ ಅದು ಅಹಿಂಸೆಯೇ? ನೂರ್ ಮತ್ತು ತಮ್ಮ ವಿಲಾಯತ್ ಕಂಡುಕೊಂಡ ದಾರಿ ಇದು: ಪ್ರಾಣಾಪಾಯವಿರುವ, ಆದರೆ ತಾವು ಕೊಲ್ಲಬೇಕಿಲ್ಲದ ಕೆಲಸವನ್ನು ಆರಿಸಿಕೊಳ್ಳುವುದು.

1940ರಲ್ಲಿ ಆಕೆ ವಾಯುಪಡೆಯ ಮಹಿಳಾ ದಳ ಸೇರಿ ವೈರ್‌ಲೆಸ್ ಕಲಿತಳು. ಸಂದರ್ಶನವೊಂದರಲ್ಲಿ ಭಾರತದ ವಿಷಯ ಬಂದಾಗ, ತಾನು ಸ್ವಾತಂತ್ರ್ಯದ ಪರವೆಂದು ಬ್ರಿಟಿಷ್ ಅಧಿಕಾರಿಗಳ ಎದುರೇ ಹೇಳಿದಳು. ಸುಳ್ಳು ಆಕೆಯ ಬಾಯಿಗೆ ಬರುತ್ತಿರಲಿಲ್ಲ. ಗೂಢಚಾರಿಕೆಯ ತರಬೇತಿ ನೀಡಿದವರಲ್ಲಿ ಕೆಲವರು, ಈ ಮೃದು ಸ್ವಭಾವದವಳು ಇಂಥ ಕೆಲಸಕ್ಕೆ ಒಗ್ಗುವವಳಲ್ಲ ಎಂದೇ ಬರೆದರು.

ಆದರೂ 1943ರ ಜೂನ್ 16ರ ರಾತ್ರಿ ಪುಟ್ಟ ವಿಮಾನವೊಂದು ಆಕೆಯನ್ನು ಫ್ರಾನ್ಸಿನ ಹೊಲದಲ್ಲಿ ಇಳಿಸಿತು. ಆಕ್ರಮಿತ ಫ್ರಾನ್ಸಿಗೆ ಬ್ರಿಟನ್ ಕಳುಹಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಆಕೆ. ಗುಪ್ತನಾಮ ‘ಮೆಡಲೀನ್’. ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿನ ಗುಪ್ತಜಾಲ ಕುಸಿದು ಸಂಗಾತಿಗಳು ಸಾಲಾಗಿ ಸೆರೆಯಾದರು. ಹಿಂದಿರುಗಿ ಬಾ ಎಂದು ಲಂಡನ್ ಕರೆಯಿತು. ತಾನು ಹೊರಟರೆ ಸುದ್ದಿ ಮುಟ್ಟಿಸುವವರಿಲ್ಲ ಎಂದು ನೂರ್ ಒಪ್ಪಲಿಲ್ಲ. ಜರ್ಮನರ ಶೋಧಕ ವಾಹನಗಳು ಸಂಕೇತದ ಜಾಡು ಹಿಡಿದು ಬೀದಿ ಬೀದಿ ಸುತ್ತುತ್ತಿದ್ದವು. ಆಕೆ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಮೂರು ತಿಂಗಳಿಗೂ ಹೆಚ್ಚು ಕಾಲ ಸಂದೇಶ ಕಳುಹಿಸಿದಳು.

ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಳು. ಆಕೆಯಿಂದ ತಪ್ಪೂ ಆಗಿತ್ತು. ಅದನ್ನು ನಾವು ಮುಚ್ಚಿಡಬೇಕಿಲ್ಲ. ಕಳುಹಿಸಿದ ಸಂದೇಶಗಳನ್ನೆಲ್ಲ ಆಕೆ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದು ಜರ್ಮನರ ಕೈಸೇರಿ, ಅವರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸುದ್ದಿ ಕಳುಹಿಸಿದರು. ನಂಬಿ ಬಂದವರು ಬಲಿಯಾದರು. ಆದರೆ ವಿಚಾರಣೆಯಲ್ಲಿ ಆಕೆ ಬಾಯಿ ಬಿಡಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ಯತ್ನಿಸಿದಳು. ಮತ್ತೆ ಓಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಲು ನಿರಾಕರಿಸಿದ್ದಕ್ಕೆ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸುಮಾರು ಹತ್ತು ತಿಂಗಳು ಕೈಕಾಲುಗಳಿಗೆ ಸರಪಳಿ ಬಿಗಿದರು. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಇತರ ಮೂವರು ಮಹಿಳೆಯರೊಂದಿಗೆ ಆಕೆಯನ್ನು ಗುಂಡಿಟ್ಟು ಕೊಂದರು. ಆಗ ವಯಸ್ಸು ಮೂವತ್ತು.

ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ನೀಡಿತು, 2012ರಲ್ಲಿ ಲಂಡನ್ನಿನಲ್ಲಿ ಪುತ್ಥಳಿ ನಿಂತಿತು. ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಟಿಪ್ಪುವನ್ನು ಕೊಂದವರ ಸೇನೆಯಲ್ಲಿ ಆತನ ವಂಶದವಳೇ ದುಡಿದಳಲ್ಲ ಎಂದು ನಮ್ಮಲ್ಲಿ ಕೆಲವರಿಗೆ ಅನಿಸಬಹುದು. ನೂರ್‌ಗೆ ಈ ಇಕ್ಕಟ್ಟು ತಿಳಿಯದ್ದಲ್ಲ. ಸಾಮ್ರಾಜ್ಯದ ಮುಖದೆದುರೇ ಅದರ ತಪ್ಪನ್ನು ಹೇಳಿ, ಅದಕ್ಕಿಂತ ಘೋರವಾದ ಜುಲುಮಿನ ವಿರುದ್ಧ ಹೋರಾಡಲು ಹೋದವಳು ಆಕೆ. ಯಾರು ಯಾರ ಕಡೆಯವರೆಂದು ಹೆಸರು ನೋಡಿ ತೀರ್ಮಾನಿಸುವ ದಿನಗಳಲ್ಲಿ, ನಮ್ಮ ಹೆಣ್ಣುಮಕ್ಕಳಿಗೆ ನಾವು ಈ ಕಥೆಯನ್ನು ಅದರ ತಪ್ಪುಗಳ ಸಮೇತ ಹೇಳಬೇಕಾಗಿದೆ.