ಫೋಟೋದ ಕೆಳಗೆ ಬರೆಯುವ ಸಾಲು

ಆ ಆಲ್ಬಮ್ ತಯಾರಾದದ್ದು ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿ. ನಾನು ಅದನ್ನು ನೋಡಿದ್ದು ದಾಂಡೇಲಿಯಲ್ಲಿ, ನಿವೃತ್ತಿಯ ನಂತರ ಆ ಕುಟುಂಬ ನೆಲೆಸಿದ ಮನೆಯಲ್ಲಿ. ದಪ್ಪನೆಯ ಕಪ್ಪು ಹಾಳೆಗಳು. ಫೋಟೋಗಳ ಜೊತೆಗೆ ಬಸ್ ಟಿಕೆಟ್, ಲಗ್ನಪತ್ರಿಕೆಯ ತುಂಡು, ಪೇಪರಿನಿಂದ ಕತ್ತರಿಸಿದ ಚಿತ್ರಗಳೂ ಇದ್ದವು. ಬರಹ ಮಾತ್ರ ಒಂದಕ್ಷರವೂ ಇರಲಿಲ್ಲ.

1970ರಲ್ಲಿ ಸ್ಥಾಪನೆಯಾಗಿ ಮುಂದೆ ಕರ್ನಾಟಕ ವಿದ್ಯುತ್ ನಿಗಮವೆಂದು ಹೆಸರಾದ ಸಂಸ್ಥೆ ಕಾಳಿ ಯೋಜನೆಯ ನೌಕರರಿಗಾಗಿ ಕಾಡಿನ ನಡುವೆ ಕಟ್ಟಿದ ಊರು ಅಂಬಿಕಾನಗರ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಹಿಡಿದಿಡುವ ನೀರು ಬೊಮ್ಮನಹಳ್ಳಿಗೆ ಬಂದು, ಅಲ್ಲಿಂದ ಸುರಂಗದ ಮೂಲಕ ನಾಗಝರಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಕಾಳಿ, ಪಾಂಢರಿ ಹೊಳೆಗಳು ಕೂಡುವಲ್ಲಿದ್ದ ಸೂಪಾ ಪೇಟೆ ಆ ನೀರಿನಡಿ ಹೋಯಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು. ಮನೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರಕ್ಕೆ ಹೋದರು.

ಆಲ್ಬಮ್ಮಿನ ಒಡತಿಯ ತವರು ಸೂಪಾ. ಗಂಡ ನಾಗಝರಿಯ ನೌಕರರು. ಸಂಬಳ ಬಂದದ್ದೂ ತವರು ಮುಳುಗಿದ್ದೂ ಒಂದೇ ಯೋಜನೆಯಿಂದ. ಇದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಎಡಪುಟದಲ್ಲಿ ಹೆಲ್ಮೆಟ್ ತೊಟ್ಟು ನಗುವ ಗಂಡ, ಬಲಪುಟದಲ್ಲಿ ಒಂದು ತುಳಸಿಕಟ್ಟೆ, ಅಷ್ಟೇ.

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಹೆಂಚಿನ ಮನೆಗಳ ಸಾಲೊಂದರ ಫೋಟೋ ಕಂಡ ಕೂಡಲೇ, ಅಜ್ಜಿ ಚಹಾ ತರಲು ಒಳಗೆ ಹೋಗಿದ್ದಾಗ, ಅದರ ಕೆಳಗೆ ಬಿಳಿ ಶಾಯಿಯಲ್ಲಿ ‘ಮುಳುಗಡೆಗೆ ಮುಂಚಿನ ಸೂಪಾ’ ಎಂದು ಬರೆದೆ. ಬರೆದು ಕೊಡುತ್ತೇನೆಂದು ಅವರ ಒಪ್ಪಿಗೆ ಪಡೆದಿದ್ದೆ. ಏನು ಬರೆಯಬೇಕೆಂದು ಮಾತ್ರ ಕೇಳಿರಲಿಲ್ಲ. ಅಜ್ಜಿ ಕನ್ನಡಕ ಏರಿಸಿ ನೋಡಿದರು. “ಅದು ಸೂಪಾ ಅಲ್ಲ ತಂಗಿ. ಹಳಿಯಾಳದಾಗ ನಮ್ಮ ಅತ್ತಿ ಮನಿ ಓಣಿ.”

ಇನ್ನು ಇಪ್ಪತ್ತು ವರ್ಷ ಕಳೆದು ಬೇರೊಬ್ಬ ಸಂಶೋಧಕಿ ಬಂದಿದ್ದರೆ? ನನ್ನ ಊಹೆ ಅವಳಿಗೆ ಆಕರವಾಗಿಬಿಡುತ್ತಿತ್ತು.

ಅಂಟಿಸುವುದಕ್ಕೂ ಬರೆಯುವುದಕ್ಕೂ ಇರುವ ಈ ಅಂತರ ಹಳೆಯದು. ಮಾರ್ಕ್ ಟ್ವೇನ್ 1873ರಲ್ಲಿ, ಮೊದಲೇ ಗೋಂದು ಸವರಿದ ಪುಟಗಳ ಸ್ಕ್ರಾಪ್‌ಬುಕ್ಕಿಗೆ ಪೇಟೆಂಟ್ ಪಡೆದ. ಅಂಟಿಸುವ ತಾಪತ್ರಯ ತಪ್ಪಿತು, ಬರೆಯುವುದಲ್ಲ. 1914ರಲ್ಲಿ ಕೊಡಾಕ್ ಕಂಪನಿ ‘ಆಟೋಗ್ರಾಫಿಕ್’ ಕ್ಯಾಮೆರಾ ತಂದಿತು: ಫೋಟೋ ತೆಗೆದ ಕೂಡಲೇ ಹಿಂಬದಿಯ ಪುಟ್ಟ ಮುಚ್ಚಳ ತೆರೆದು, ಕಡ್ಡಿಯಿಂದ ಊರು, ತಾರೀಖು ಗೀಚಿದರೆ ಅದು ನೆಗೆಟಿವ್ ಮೇಲೇ ಮೂಡುತ್ತಿತ್ತು. ಸಾಕ್ಷ್ಯವೆಂಬ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿಯಾದದ್ದಿಲ್ಲ. ಆದರೆ ಮುಂದೆ ಆ ಊರೇ ಇರುವುದಿಲ್ಲ ಎಂಬುದು ಕ್ಯಾಮೆರಾ ಹಿಡಿದವನಿಗೆ ಆ ಗಳಿಗೆಯಲ್ಲಿ ಹೇಗೆ ಗೊತ್ತಾಗಬೇಕು? ಅದನ್ನು ಬರೆಯಬಲ್ಲವರು ತಡವಾಗಿ ಬರೆಯುವವರೇ. ತಡವಾದ ಬರಹವನ್ನು ಇತಿಹಾಸಕಾರರು ಅನುಮಾನದಿಂದ ನೋಡುತ್ತಾರೆ, ನೋಡಬೇಕು ಕೂಡ, ಹಾಗೆಂದು ಬಿಟ್ಟುಬಿಡಲಾಗದು. ಯಾರು ಹೇಳಿದ್ದು, ಯಾರು ಬರೆದದ್ದು, ಯಾವತ್ತು ಎಂಬುದು ಜೊತೆಗಿದ್ದರೆ ನನಗೆ ಸಾಕು.

ನನ್ನ ಬಿಳಿ ಶಾಯಿಯನ್ನು ಕೆರೆದು ತೆಗೆಯಲಿಲ್ಲ. ಅದರ ಪಕ್ಕದಲ್ಲೇ ತಿದ್ದುಪಡಿಯ ಚೀಟಿ ಇಟ್ಟು, ತಪ್ಪು ನನ್ನದೆಂದು ಹೆಸರು ಹಾಕಿದೆ. ಆಮೇಲಿನ ಪುಟಗಳಿಗೆಲ್ಲ ಬೇರೆ ಕಾಗದದ ಚೀಟಿ, ಪೆನ್ಸಿಲ್. ಫೋಟೋದ ಬೆನ್ನಿಗೆ ಬಾಲ್‌ಪೆನ್ ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೆರೆ ಏಳುತ್ತದೆ.

ತುಳಸಿಕಟ್ಟೆಯ ಪುಟಕ್ಕೆ ಬಂದಾಗ ಇಸವಿ ಕೇಳಿದೆ. ಅಜ್ಜಿಗೆ ನೆನಪಿರಲಿಲ್ಲ, ಮಗ ಎರಡನೇ ಇಯತ್ತೆಯಲ್ಲಿದ್ದ ಎಂದರು. ಅದನ್ನೇ ಬರೆದುಕೊಂಡೆ. ಅಣೆಕಟ್ಟಿನ ಬಗ್ಗೆ ಏನಾದರೂ ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ, ಪ್ರಬಂಧಕ್ಕೆ ಬೇಕಿತ್ತಲ್ಲ! ಅವರು ಬೆರಳನ್ನು ಫೋಟೋದ ಅಂಚಿನಾಚೆ, ಕಪ್ಪು ಹಾಳೆಯ ಮೇಲೆ ಇಟ್ಟರು.

“ಇಲ್ಲಿ ಹಲಸಿನ ಮರ ಇತ್ತು. ಫೋಟೋದಾಗ ಬಂದಿಲ್ಲ. ಬರಕೋ.”