ಆಪರೇಷನ್‌ಗೆ ಮುನ್ನ ತೋಳಿಗೆ ಬಿಪಿ ಪಟ್ಟಿ ಬಿಗಿದರೆ ಹೃದಯ, ಕಿಡ್ನಿ ಉಳಿಯುತ್ತವೆಯೇ?

ಬಿಪಿ ಪಟ್ಟಿಯನ್ನು ತೋಳಿಗೆ ಬಿಗಿದು ಐದು ನಿಮಿಷ ರಕ್ತ ತಡೆಯುವುದು, ಸಡಿಲಿಸುವುದು, ಮತ್ತೆ ಬಿಗಿಯುವುದು. ಇದರಿಂದ ದೊಡ್ಡ ಆಪರೇಷನ್‌ನಲ್ಲಿ ಅಂಗಾಂಗಗಳಿಗೆ ರಕ್ಷಣೆ ಸಿಗುತ್ತದೆಯೇ? ಕೇಳಲು ಮನೆಮದ್ದಿನಂತಿದ್ದರೂ ಇದು ಲ್ಯಾಬಿನಲ್ಲಿ ಹುಟ್ಟಿದ ಯೋಚನೆ.

1986ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷದಂತೆ ನಾಲ್ಕು ಬಾರಿ ಮುಚ್ಚಿ ತೆರೆದರು. ಆಮೇಲೆ 40 ನಿಮಿಷ ಮುಚ್ಚಿದಾಗ ಆದ ಹಾನಿ, ಉಳಿದ ನಾಯಿಗಳಿಗೆ ಆದದ್ದರ ಕಾಲುಭಾಗ ಮಾತ್ರ! 2007ರಲ್ಲಿ ಹೊಟ್ಟೆಯ ಮಹಾಅಪಧಮನಿಯ ಆಪರೇಷನ್ ಆದ 82 ಜನರಲ್ಲಿ, ಕಾಲಿಗೆ ಹೋಗುವ ರಕ್ತವನ್ನು ಮೊದಲೇ ಸ್ವಲ್ಪ ಹೊತ್ತು ತಡೆದು ನೋಡಿದಾಗಲೂ ಫಲಿತಾಂಶ ಚೆನ್ನಾಗಿತ್ತು. ಆದರೆ ಅದು ಸಣ್ಣ ಅಧ್ಯಯನ. 2015ರಲ್ಲಿ ಬ್ರಿಟನ್ ಮತ್ತು ಜರ್ಮನಿಯಲ್ಲಿ ಹೃದಯದ ಆಪರೇಷನ್‌ಗೆ ಬಂದ ಸುಮಾರು 3,000 ಜನರಲ್ಲಿ ತೋಳಿನ ಪಟ್ಟಿಯನ್ನು ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ.

ಹಾಗಾದರೆ ಕಾಪಾಡುವುದು ಯಾವುದು? ಮುಖ್ಯವಾಗಿ ಸಮಯ. ಮಹಾಅಪಧಮನಿಗೆ ಕ್ಲ್ಯಾಂಪ್ ಹಾಕಿದ ಕ್ಷಣದಿಂದ ಅದರ ಕೆಳಗಿನ ಅಂಗಗಳಿಗೆ ರಕ್ತ ಕಡಿಮೆ. ಕ್ಲ್ಯಾಂಪ್ ಬೇಗ ತೆಗೆದಷ್ಟೂ ಒಳ್ಳೆಯದು. ಕಿಡ್ನಿಯ ರಕ್ತ ನಿಲ್ಲಿಸಲೇಬೇಕಾದರೆ ತಣ್ಣನೆಯ ದ್ರಾವಣ ಹರಿಸಬಹುದು, ತಂಪಾದ ಜೀವಕೋಶಕ್ಕೆ ಆಮ್ಲಜನಕ ಕಡಿಮೆ ಸಾಕು. ಎದೆಭಾಗದ ಅಪಧಮನಿಯ ಆಪರೇಷನ್‌ನಲ್ಲಿ ಕಾಲುಗಳ ಬಲ ಹೋಗುವ ಭಯವಿರುತ್ತದೆ. ಅದಕ್ಕೇ ಬೆನ್ನಿನಿಂದ ಸ್ವಲ್ಪ ದ್ರವ ಹೊರತೆಗೆದು ಬೆನ್ನುಹುರಿಯ ಮೇಲಿನ ಒತ್ತಡ ಇಳಿಸುತ್ತಾರೆ.

ಮನೆಯಲ್ಲಿ ಪಟ್ಟಿ ಬಿಗಿದುಕೊಳ್ಳಬೇಡಿ. ಅದರ ಬದಲು ನುಂಗುತ್ತಿರುವ ಮಾತ್ರೆಗಳ ಪಟ್ಟಿ ಬರೆದು ಡಾಕ್ಟರಿಗೆ ಕೊಡಿ. ಮಂಡಿನೋವಿಗೆಂದು ಮೆಡಿಕಲ್ ಶಾಪ್‌ನಿಂದ ತಂದ ಮಾತ್ರೆಯನ್ನೂ ಬಿಡಬೇಡಿ, ಅಂಥ ಹಲವು ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ.